ನೀಲವ್ವ ನುಡಿಸಿದ್ದಕ್ಕೆ ನಾನು ನಿಂತದ್ದು

ನಾನು ಮಾಡಿದ್ದು ಕಳ್ಳತನವೋ ಅಲ್ಲವೋ ಎಂಬ ಬಗ್ಗೆ ನಮ್ಮೂರಿನಲ್ಲಿ ಇನ್ನೂ ಎರಡು ಅಭಿಪ್ರಾಯಗಳಿವೆ. ಕಳ್ಳತನವೇ ಎನ್ನುವವರು ಇಡೀ ಊರಿನವರು. ಅಲ್ಲ ಎನ್ನುವವನು ನಾನೊಬ್ಬ, ಅದೂ ವಾರದಲ್ಲಿ ಮೂರು ದಿನ ಮಾತ್ರ. ಉಳಿದ ನಾಲ್ಕು ದಿನ ನನಗೂ ಅನುಮಾನ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಹೇಳಿಬಿಡುತ್ತೇನೆ. ನನಗೆ ನಾಚಿಕೆಯಾಗುವ ಭಾಗ ಬಂದಾಗ ಸ್ವಲ್ಪ ಬೇಗ ಬೇಗ ಹೇಳಿದರೆ ಕ್ಷಮಿಸಬೇಕು.

ನಮ್ಮೂರಿನಲ್ಲಿ ವಾದ್ಯವನ್ನು ಇವತ್ತು ನುಡಿಸಿದರೆ ನಾಳೆ ಕೇಳುತ್ತದೆ. ಅದೇ ಜಾಗದಲ್ಲಿ, ಅದೇ ಹೊತ್ತಿಗೆ. ಮಾತು, ಹಾಡು, ಬೈಗುಳ, ಪಾತ್ರೆ ಬಿದ್ದ ಸದ್ದು ಎಲ್ಲ ಆಗಿಂದಾಗಲೇ ಕೇಳುತ್ತವೆ; ವಾದ್ಯ ಮಾತ್ರ ಒಂದು ದಿನ ತಡ. ಮದುವೆ ನಾಳೆ ಎಂದರೆ ಬ್ಯಾಂಡಿನವರು ಇವತ್ತೇ ಬಂದು, ಖಾಲಿ ಮಂಟಪದ ಮುಂದೆ, ಗಡಿಯಾರ ನೋಡಿಕೊಂಡು ಊದಿ ಬಾರಿಸಿ ಹೋಗುತ್ತಾರೆ. ಪಕ್ಕದಲ್ಲಿ ಬದನೆಕಾಯಿ ಹೆಚ್ಚುತ್ತಿರುವ ಅಡುಗೆಯವರಿಗೆ ಒಂದು ಸೊಲ್ಲೂ ಕೇಳಿಸುವುದಿಲ್ಲ. ಮರುದಿನ ಅದೇ ಬ್ಯಾಂಡಿನವರು ಇಸ್ತ್ರಿ ಮಾಡಿದ ಕೆಂಪು ಕೋಟು ಹಾಕಿಕೊಂಡು ಬಂದು, ವಾದ್ಯ ಹಿಡಿದು, ಉಸಿರು ಬಿಡದೆ ಬರೀ ಕೆನ್ನೆ ಉಬ್ಬಿಸಿ, ನಿನ್ನೆಯ ಸದ್ದಿಗೆ ಸರಿಯಾಗಿ ಬೆರಳಾಡಿಸುತ್ತಾರೆ. ಇದಕ್ಕೆ ನಮ್ಮಲ್ಲಿ ‘ನಿಲ್ಲುವುದು’ ಎನ್ನುತ್ತಾರೆ. ಈ ಕಾರಣಕ್ಕೇ ನಮ್ಮೂರಿನ ಮುಹೂರ್ತಗಳು ಒಂದು ನಿಮಿಷವೂ ಆಚೀಚೆಯಾಗುವುದಿಲ್ಲ. ಒಮ್ಮೆ ಒಬ್ಬ ವರ ಇನ್ನೂ ಗಡ್ಡ ಮಾಡಿಸಿಕೊಳ್ಳುತ್ತಿರುವಾಗಲೇ ಗಟ್ಟಿಮೇಳ ಮೊಳಗಿ, ಬೆಚ್ಚಿಬಿದ್ದ ಕ್ಷೌರಿಕ ಅರ್ಧ ಮೀಸೆಯನ್ನೂ ಹಾರಿಸಿಬಿಟ್ಟಿದ್ದ. ಆ ಮದುವೆಯ ಫೋಟೋಗಳಲ್ಲಿ ವರ ಒಂದೇ ಮಗ್ಗುಲಿಗೆ ನಿಂತಿದ್ದಾನೆ.

ನುಡಿಸಿದವರೇ ನಿಲ್ಲಬೇಕು. ಇದನ್ನು ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಮುರಿದವರೂ ಇರಲಿಲ್ಲ. ಮುರಿದದ್ದು ನಾನು.

ನನ್ನ ಹೆಸರು ಗುರುಪಾದ. ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ನನ್ನದು. ವಾದ್ಯಗಳಲ್ಲಿ ನನಗೆ ಬರುವುದು ಸೈಕಲ್ ಬೆಲ್ ಒಂದೇ. ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ ನೀಲವ್ವನ ರೊಟ್ಟಿ ಕೇಂದ್ರ. ಅವಳಿಗೆ ಐವತ್ತರ ಮೇಲೆ ವಯಸ್ಸು, ಗಟ್ಟಿಮುಟ್ಟಾದ ಹೆಂಗಸು, ಮಾತು ಕಡಿಮೆ. ಬೆಳಗಿನಿಂದ ಮೂರರವರೆಗೆ ಜೋಳದ ರೊಟ್ಟಿ ಬಡಿಯುತ್ತಾಳೆ. ಆಮೇಲೆ ಕೈತೊಳೆದು, ಅರ್ಧ ತಾಸು ನಿದ್ದೆ ಮಾಡಿ, ಊರಾಚೆಯ ಮುಚ್ಚಿಹೋದ ಹತ್ತಿ ಗೋದಾಮಿಗೆ ಹೋಗಿ ಐದು ಗಂಟೆಗೆ ಕ್ಲಾರಿನೆಟ್ ಹಿಡಿಯುತ್ತಾಳೆ. ಅವಳ ಅಪ್ಪ ಬ್ಯಾಂಡಿನಲ್ಲಿ ಊದುತ್ತಿದ್ದ. ಗಂಡುಮಕ್ಕಳಿರಲಿಲ್ಲ, ಇವಳಿಗೇ ಕಲಿಸಿದ. ಆದರೆ ಹೆಂಗಸನ್ನು ಬ್ಯಾಂಡಿಗೆ ಯಾರೂ ಕರೆಯಲಿಲ್ಲ. ಹಾಗಾಗಿ ಅವಳು ಗೋದಾಮಿಗೇ ನುಡಿಸುತ್ತಿದ್ದಳು. ಒಂದು ದಿನ ನುಡಿಸುವುದು, ಮರುದಿನ ಅದೇ ಹೊತ್ತಿಗೆ ಹೋಗಿ ಕುಳಿತು ಕೇಳುವುದು, ಎಲ್ಲಿ ತಪ್ಪಿತು ಎಂದು ಗುರುತು ಹಾಕಿಕೊಳ್ಳುವುದು, ಅದರ ಮರುದಿನ ತಿದ್ದಿ ನುಡಿಸುವುದು. ಮೂವತ್ತು ವರ್ಷ ಹೀಗೆಯೇ ನಡೆದಿತ್ತು.

ಒಂದು ದಿನ ಮಳೆ ಬಂತೆಂದು ನಾನು ಆ ಗೋದಾಮಿನೊಳಗೆ ನಿಂತಿದ್ದಾಗ ಅವಳ ಕೇಳುವ ದಿನವಾಗಿತ್ತು. ಮಳೆ ನಿಂತದ್ದು ನನಗೆ ಗೊತ್ತಾಗಲಿಲ್ಲ. ಸಂಗೀತದ ಗಂಧಗಾಳಿ ಇಲ್ಲದ ನನಗೇ ಹೀಗಾದರೆ ತಿಳಿದವರಿಗೆ ಏನಾಗಬೇಕು ಎನಿಸಿತು.

“ನೀಲಕ್ಕಾ, ಇದನ್ನ ಮೊಬೈಲಿನಾಗ ಹಾಕೂಣು,” ಎಂದೆ. “ಜಗತ್ತೆಲ್ಲಾ ಕೇಳತೈತಿ.”

“ಜಗತ್ತಿಗೆ ರೊಟ್ಟಿ ಬೇಕೇನ ಕೇಳು, ಕೊಡ್ತೇನಿ,” ಎಂದಳು. ಆದರೆ ಮೂರು ದಿನ ಬಿಟ್ಟು ತಾನೇ ಅಂಗಡಿಗೆ ಬಂದು, ಕೌಂಟರಿನ ಮೇಲಿದ್ದ ಇಯರ್‌ಫೋನುಗಳನ್ನು ಸುಮ್ಮನೆ ತಿರುವಿಹಾಕುತ್ತ, “ಎಷ್ಟ ಮಂದಿ ಕೇಳಬಹುದೋ?” ಎಂದು ಕೇಳಿದಳು. ಅವಳಿಗೂ ಆಸೆಯಿತ್ತು. ಇದ್ದೇ ಇರುತ್ತದೆ.

ಮೊದಲು ನಾನು ನ್ಯಾಯವಾಗಿಯೇ ಮಾಡಿದೆ. ಸೋಮವಾರ ಅವಳು ನುಡಿಸುವುದನ್ನು ಚಿತ್ರ ಹಿಡಿದೆ. ಮಂಗಳವಾರ ಅದೇ ಜಾಗದಲ್ಲಿ ಫೋನ್ ಇಟ್ಟು ಸದ್ದು ಹಿಡಿದೆ. ಎರಡನ್ನೂ ಕೂಡಿಸಿ ಹಾಕಿದೆ. ನಲವತ್ತೊಂದು ಜನ ನೋಡಿದರು, ಅದರಲ್ಲಿ ಹದಿನೇಳು ಸಲ ನೋಡಿದವನು ನಾನೇ. ಆಗ ನಾನು ಅಂತರ್ಜಾಲದಲ್ಲಿ ಹುಡುಕಿ, ಕಂಪನಿಯ ಹಂಗಿಲ್ಲದೆ ಸ್ವಂತ ಬಲದ ಮೇಲೆ ಹೆಸರು ಮಾಡಬೇಕೆನ್ನುವ ಸಂಗೀತಗಾರರಿಗಾಗಿ ಬರೆದ ಉಪದೇಶಗಳನ್ನೆಲ್ಲ ಓದಿದೆ. ಮುಖ ಕಾಣಬೇಕು. ಕ್ಯಾಮೆರಾದ ಕಣ್ಣಿನಲ್ಲಿ ಕಣ್ಣಿಡಬೇಕು. ದಿನ ಬಿಡದೆ ಏನಾದರೂ ಹಾಕುತ್ತಿರಬೇಕು. ನಿಮ್ಮ ಕಥೆ ಹೇಳಬೇಕು. ಮೊದಲ ಮೂರು ಸೆಕೆಂಡಿನಲ್ಲಿ ನೋಡುಗನನ್ನು ಹಿಡಿದುಬಿಡಬೇಕು.

“ಮೂರ ಸೆಕೆಂಡಿನಾಗ ನಾ ಇನ್ನಾ ಉಸರನ ತಗೊಂಡಿರೂದಿಲ್ಲ,” ಎಂದಳು ನೀಲವ್ವ.

“ಒಂಚೂರು ನಕ್ಕೋತ ಊದಕ್ಕಾ.”

“ನಕ್ಕೋತ ಊದಿ ತೋರಸು. ಆಮ್ಯಾಲೆ ನಾ ಊದ್ತೇನಿ.”

ಕಣ್ಣು ಮುಚ್ಚಿಯೇ ಊದುವವಳು ಅವಳು. ಹಣೆ ಗಂಟಿಕ್ಕುತ್ತದೆ, ಕೊರಳ ನರ ಉಬ್ಬುತ್ತದೆ, ಸೆರಗಿಗೆ ಹಿಟ್ಟು ಹತ್ತಿರುತ್ತದೆ. ನನ್ನ ಕಣ್ಣಿಗೆ ಅದು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ನಾನು ಓದಿದ ಉಪದೇಶಗಳಲ್ಲಿ ಅಂಥ ಮುಖಕ್ಕೆ ಜಾಗವಿರಲಿಲ್ಲ.

ಇಲ್ಲಿಂದ ಸ್ವಲ್ಪ ಬೇಗ ಹೇಳುತ್ತೇನೆ. ಒಂದು ಕೇಳುವ ದಿನ ನೀಲವ್ವನಿಗೆ ದೊಡ್ಡ ಆರ್ಡರ್ ಬಂದು ಗೋದಾಮಿಗೆ ಬರಲಾಗಲಿಲ್ಲ. ನಾನೊಬ್ಬನೇ ಸದ್ದು ಹಿಡಿಯುತ್ತಿದ್ದೆ. ಮೂಲೆಯ ಪೆಟ್ಟಿಗೆಯಲ್ಲಿ ಅವಳ ಅಪ್ಪನ ಹಳೆಯ, ಸೀಳುಬಿಟ್ಟ ಕ್ಲಾರಿನೆಟ್ ಇತ್ತು. ಕೈಗೆತ್ತಿಕೊಂಡೆ. ಬಾಯಿಗಿಟ್ಟೆ. ಅವಳು ಬೆರಳಾಡಿಸುವುದನ್ನು ಅಷ್ಟು ದಿನ ನೋಡಿದ್ದೆನಲ್ಲ, ಹಾಗೆಯೇ ಆಡಿಸಿದೆ. ಫೋನಿನ ಕಡೆ ನೋಡಿ ಹುಬ್ಬು ಹಾರಿಸಿದೆ. ಹೊಸ ಅಂಗಿ ಬೇರೆ ಹಾಕಿದ್ದೆ. ತಮಾಷೆಗೆ ಮಾಡಿದ್ದು, ಆಣೆಯಾಗಿಯೂ ತಮಾಷೆಗೆ. ಅದನ್ನು ಹಾಕಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಹನ್ನೊಂದು ಸಾವಿರ ಜನ ನೋಡಿದ್ದರು.

ಹನ್ನೊಂದು ಸಾವಿರ ಜನ ನಿಮ್ಮನ್ನು ಹೊಗಳಿದಾಗ ಇದು ನಾನಲ್ಲ ಎಂದು ಅವರಿಗೆ ಹೇಳುವುದು ಎಷ್ಟು ಕಷ್ಟ ಎಂಬುದು ಹೊಗಳಿಸಿಕೊಂಡವರಿಗೇ ಗೊತ್ತು. ಒಬ್ಬಳು ಹೆಣ್ಣುಮಗಳು ‘ನಿಮ್ಮ ಉಸಿರಿನಲ್ಲಿ ದೇವರಿದ್ದಾನೆ’ ಎಂದು ಬರೆದಿದ್ದಳು. ನಾನು ಕನ್ನಡಿಯ ಮುಂದೆ ನಿಂತು ಉಸಿರು ಬಿಟ್ಟು ನೋಡಿಕೊಂಡೆ. ಪುಟದ ಹೆಸರನ್ನು ‘ಗುರು ಕ್ಲಾರಿನೆಟ್’ ಎಂದು ಬದಲಾಯಿಸಿದೆ. ಮುಂದಿನ ಕೇಳುವ ದಿನ ನೀಲವ್ವ ಬಂದು ಬಾಗಿಲಲ್ಲಿ ನಿಂತಾಗ, “ಅಕ್ಕಾ, ನೀ ಒಳಗ ಕುಂತರ ನಿನ್ನ ಉಸಿರಿನ ಸದ್ದು ರೆಕಾರ್ಡಿಂಗಿನಾಗ ಬರತೈತಿ. ನೀ ಮನಿಗೆ ಹೋಗು, ನಾ ಆಮ್ಯಾಲೆ ಕೇಳಸ್ತೇನಿ,” ಎಂದೆ. ಅವಳು “ಹಂಗಾದ್ರ ಆಗ್ಲಿಬಿಡು,” ಎಂದು ತಿರುಗಿ ಹೋದಳು. ಆಮೇಲೆ ಕೇಳಿಸಿದ್ದು ಎಂದರೆ ಒಂದೊಂದು ನಿಮಿಷದ ತುಂಡುಗಳು, ಅವೂ ಚಿತ್ರ ಕಾಣದ ಹಾಗೆ ಫೋನನ್ನು ಬೋರಲು ಹಿಡಿದು.

ನಾಲ್ಕು ತಿಂಗಳು ನಡೆಯಿತು. ಊರಿನವರು ಕೇಳಿದರೆ, ನೀಲಕ್ಕನ ಹತ್ತಿರ ಕಲಿಯುತ್ತಿದ್ದೇನೆ, ನಾನೇ ನುಡಿಸಿ ನಾನೇ ನಿಲ್ಲುತ್ತೇನೆ ಎಂದೆ. ನನ್ನದೇ ಒಂದು ಶೈಲಿ ಬೆಳೆಯಿತು. ಉದ್ದ ಸ್ವರ ಮುಗಿದ ಕೂಡಲೇ ವಾದ್ಯ ಕೆಳಗಿಳಿಸಿ, ಎದೆಯ ಮೇಲೆ ಕೈಯಿಟ್ಟು, ಕಣ್ಣು ಅರೆ ಮುಚ್ಚಿ, ತುಸು ನಗುವುದು. ಅದಕ್ಕೇ ಬಹಳ ಹೃದಯಚಿಹ್ನೆಗಳು ಬರುತ್ತಿದ್ದವು. ಪ್ರತಿ ಪುಟದಲ್ಲೂ ಒಂದೇ ಹೆಸರು, ಒಂದೇ ಫೋಟೋ, ಎಲ್ಲಕ್ಕೂ ಸೇರಿ ಒಂದೇ ಲಿಂಕ್. ಆ ಲಿಂಕಿಗೆ ಒಂದು ಸ್ಕ್ಯಾನರ್ ಚೀಟಿ ಮಾಡಿಸಿ ಊರೆಲ್ಲ ಅಂಟಿಸಿದೆ: ಬಸ್ಸಿನ ಹಿಂಭಾಗಕ್ಕೆ, ಕಿರಾಣಿ ಅಂಗಡಿಯ ಬಾಗಿಲಿಗೆ, ಹಾಲಿನ ಡೇರಿಯ ಗೋಡೆಗೆ. ಅಂಟಿಸುವ ಹುಮ್ಮಸ್ಸಿನಲ್ಲಿ ನೀಲವ್ವನ ರೊಟ್ಟಿ ಕೇಂದ್ರದ ಕಂಬಕ್ಕೂ ಒಂದು ಅಂಟಿಸಿದೆ. ಸಿಕ್ಕಿಬಿದ್ದದ್ದು ಅಲ್ಲಿಯೇ.

ನಮ್ಮೂರ ಶಾಲೆಯ ಶಾಹೀನಾ ಟೀಚರ್ ದಿನಾ ಮಧ್ಯಾಹ್ನ ಅಲ್ಲಿ ಎಂಟು ರೊಟ್ಟಿ ಒಯ್ಯುತ್ತಾರೆ. ನೀಲವ್ವನ ಹತ್ತಿರ ಗುಂಡಿಯ ಫೋನು, ಅವಳದು ಕೈಗೆ ಕಾಸು ಕೊಡುವ ವ್ಯವಹಾರ. ಆ ದಿನ ಕಂಬದ ಮೇಲೆ ಸ್ಕ್ಯಾನರ್ ಕಂಡು ಟೀಚರಿಗೆ ಖುಷಿಯಾಗಿ, ಅಂತೂ ನೀಲಕ್ಕ ಕಾಲಕ್ಕೆ ತಕ್ಕಂತೆ ಆದಳು ಎಂದು ಫೋನ್ ಹಿಡಿದರು. ದುಡ್ಡು ಹೋಗುವ ಬದಲು ನಾನು ಬಂದೆ, ಕೆನ್ನೆ ಉಬ್ಬಿಸಿಕೊಂಡು. ನೀಲವ್ವ ಹಿಟ್ಟು ನಾದುತ್ತಿದ್ದವಳು ತಲೆಯೆತ್ತಿದಳು.

ಟೀಚರ್ ಆಮೇಲೆ ನನಗೆ ಹೇಳಿದ್ದು ಇಷ್ಟು. ನೀಲವ್ವ ಕೈಯೊರೆಸಿಕೊಂಡು ಬಂದು ಪಕ್ಕದಲ್ಲಿ ಕುಳಿತಳಂತೆ. ಒಂದನ್ನು ನೋಡಿದಳಂತೆ. “ಇನ್ನೊಂದು ಹಚ್ಚರಿ,” ಎಂದಳಂತೆ. ಕತ್ತಲಾಗುವ ಹೊತ್ತಿಗೆ ಅರವತ್ತೆರಡೂ ಮುಗಿದವಂತೆ. ಬೈಯಲಿಲ್ಲ, ಅಳಲಿಲ್ಲ. ಕೊನೆಯಲ್ಲಿ, “ಟೀಚರ್, ಈ ಹುಡುಗಾ ಎದಿ ಮ್ಯಾಲೆ ಕೈ ಇಡ್ತಾನಲ್ಲ, ಉದ್ದ ಸ್ವರ ಮುಗದ ಮ್ಯಾಲೆ ಎಷ್ಟ ಹೊತ್ತಿಗೆ ಇಡ್ತಾನ ಎಣಿಸೂಣು,” ಎಂದಳಂತೆ. ಇಬ್ಬರೂ ಕುಳಿತು ಎಣಿಸಿದರಂತೆ. ಮರುದಿನವೂ, ಅದರ ಮರುದಿನವೂ.

ನನಗೆ ಇದೇನೂ ಗೊತ್ತಿರಲಿಲ್ಲ. ನಾನಾಗ ಆಕಾಶದಲ್ಲಿದ್ದೆ. ದೂರದ ನಗರವೊಂದರಿಂದ ಸುಹಾಸಿನಿ ಮೇಡಂ ಎನ್ನುವವರು ಸಂದೇಶ ಕಳಿಸಿದ್ದರು. ಅವರು ಪ್ರತಿವರ್ಷ ಸಂಗೀತೋತ್ಸವ ನಡೆಸುವವರು. ‘ಕತ್ತರಿಸಿ ಜೋಡಿಸಿದ ವಿಡಿಯೋ ನೋಡಿ ನಾವು ಯಾರನ್ನೂ ಕರೆಯುವುದಿಲ್ಲ, ಒಮ್ಮೆ ಲೈವ್ ಮಾಡಿ, ನೋಡುತ್ತೇವೆ’ ಎಂದಿದ್ದರು. ನಾನು ಭಾನುವಾರ ಸಂಜೆ ಐದಕ್ಕೆ ಲೈವ್ ಎಂದು ಘೋಷಿಸಿಬಿಟ್ಟೆ. ಶನಿವಾರ ಮಧ್ಯಾಹ್ನ ನೀಲವ್ವನ ಬಳಿಗೆ ಹೋಗಿ, “ಅಕ್ಕಾ, ಇವತ್ತ ಒಂದ ತಾಸು, ನಿನ್ನ ಜೀವಮಾನದಾಗ ನುಡಿಸಿರಬಾರದು, ಹಂಗ ನುಡಸು,” ಎಂದೆ.

“ಹಂಗ ನುಡಸ್ತೇನಿ,” ಎಂದಳು. “ನೀ ನಡಿ. ಬಾಗಲಾ ಹಾಕ್ಕೊಂಡ ನುಡಸ್ತೇನಿ. ನೀ ನಿನ್ನ ಲಿಂಕ್ ಹಂಚು ಹೋಗು.”

ಲಿಂಕ್ ಎಂಬ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ನನಗೆ ಅದು ಹೊಳೆಯಲೇ ಇಲ್ಲ. ಹಂಚಲು ಓಡಿದೆ.

ಭಾನುವಾರ ಗೋದಾಮು ಗುಡಿಸಿ, ಹಿಂದೆ ಒಂದು ರೇಷ್ಮೆ ಸೀರೆ ಕಟ್ಟಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಸೀಳು ಕ್ಲಾರಿನೆಟ್ ಹಿಡಿದು ನಿಂತೆ. ಐದಕ್ಕೆ ಮೂರು ಸಾವಿರದ ಇನ್ನೂರು ಜನ ಕಾಯುತ್ತಿದ್ದರು. ಸದ್ದು ಎದ್ದಿತು. ಭೀಮಪಲಾಸ ರಾಗ. ಹತ್ತು ನಿಮಿಷ ಅದೆಷ್ಟು ಚೆನ್ನಾಗಿತ್ತೆಂದರೆ ನಾನೇ ಊದುತ್ತಿದ್ದೇನೆ ಎಂದು ನನಗೇ ನಂಬಿಕೆ ಬಂದುಬಿಟ್ಟಿತು. ಆಮೇಲೆ ಒಂದು ಉದ್ದ ಸ್ವರ ಬಂತು. ಕೆನ್ನೆ ಉಬ್ಬಿಸಿದೆ. ಸ್ವರ ನಿಂತಿತು. ವಾದ್ಯ ಇಳಿಸಿದೆ, ಎದೆಯ ಮೇಲೆ ಕೈಯಿಟ್ಟೆ, ಕಣ್ಣು ಅರೆ ಮುಚ್ಚಿ ನಕ್ಕೆ.

ಆ ಕ್ಷಣಕ್ಕೇ ಕ್ಲಾರಿನೆಟ್ ಮತ್ತೆ ಶುರುವಾಯಿತು.

ಗಡಬಡಿಸಿ ಬಾಯಿಗಿಟ್ಟೆ. ನಿಂತಿತು. ಎಲ್ಲೋ ಅವಳು ಉಸಿರು ತೆಗೆದುಕೊಂಡಿರಬೇಕೆಂದು ಕಾದೆ. ಕಾದೆ. ಏನೂ ಇಲ್ಲ. ಸರಿ, ಬೆವರೊರೆಸಿಕೊಳ್ಳೋಣವೆಂದು ಇಳಿಸಿದರೆ ‘ಪೀಂ’ ಎಂದಿತು. ಬಾಯಿಗಿಟ್ಟರೆ ಸುಮ್ಮನಾಯಿತು. ಇಳಿಸಿದರೆ ‘ಪೀಂ’. ನನಗೂ ಆ ಸದ್ದಿಗೂ ನಡುವೆ ಕಣ್ಣಾಮುಚ್ಚಾಲೆ ನಡೆಯಿತು. ಮೂರು ಸಾವಿರ ಜನ ನೋಡುತ್ತಿದ್ದರು. ಪರದೆಯ ಮೇಲೆ ನಗುವ ಮುಖಗಳು ಸಾಲಾಗಿ ಮೇಲೇರತೊಡಗಿದವು. ನಾನು ಜಾಣತನ ಮಾಡಿ, ಇನ್ನು ಏನೇ ಆದರೂ ಇಳಿಸಬಾರದೆಂದು ವಾದ್ಯವನ್ನು ಬಾಯಿಗೆ ಕಚ್ಚಿಕೊಂಡೇ ನಿಂತೆ. ಆಗ ಅದರೊಳಗಿಂದ ನಮ್ಮೂರಿನ ಕಸದ ಗಾಡಿಯ ಹಾಡು ಹೊರಟಿತು. ದಿನಾ ಬೆಳಗ್ಗೆ ಮೈಕಿನಲ್ಲಿ ಬರುವುದು, ಹಾಗೆಯೇ, ಒಂದು ಸ್ವರ ತಪ್ಪದೆ. ಗೋದಾಮಿನ ಎದುರು ಮನೆಯ ಹೆಂಗಸು ಬಕೆಟ್ ಹಿಡಿದು ಓಡಿಬಂದು ಬಾಗಿಲಲ್ಲಿ ಇಣುಕಿ, “ಇದೇನವಾ, ಸಂಜೀಕಿ ಬಂದೈತಿ!” ಎಂದಳು. ಅದೂ ಲೈವ್‌ನಲ್ಲಿ ಹೋಯಿತು.

ಕಸದ ಗಾಡಿ ಮುಗಿದ ಮೇಲೆ ಮೊಟ್ಟೆಯಿಡುವ ಕೋಳಿ ಕೂಗಿತು. ಅದು ಮುಗಿದ ಮೇಲೆ ನನ್ನ ಫೋನಿನ ರಿಂಗ್‌ಟೋನ್ ಬಂತು. ಆ ಹೊತ್ತಿಗೆ ನನ್ನ ಬುದ್ಧಿ ಎಲ್ಲಿತ್ತೋ, ಒಂದು ಕೈ ಬಿಟ್ಟು ಜೇಬು ತಡವಿಕೊಂಡೆ. ಫೋನ್ ನನ್ನ ಎದುರಿಗೇ ನಿಂತು ನನ್ನನ್ನೇ ಊರೂರಿಗೆ ತೋರಿಸುತ್ತಿತ್ತು.

ಬಾಗಿಲು ಪೂರ್ತಿ ತೆರೆಯಿತು. ನೀಲವ್ವ ಒಳಗೆ ಬಂದಳು. ಸೀರೆಯ ಮೇಲೆ ಅವಳ ಅಪ್ಪನ ಕೆಂಪು ಕೋಟು, ಇಸ್ತ್ರಿ ಮಾಡಿದ್ದು. ಹಿಂದೆ ಶಾಹೀನಾ ಟೀಚರ್. ನೀಲವ್ವ ನೇರ ನನ್ನ ಬಳಿ ಬಂದು ಕೈ ಚಾಚಿದಳು. ನಾನು ಕ್ಲಾರಿನೆಟ್ ಕೊಟ್ಟೆ. ರಿಂಗ್‌ಟೋನ್ ನಿಂತಿತು. ಅವಳು ವಾದ್ಯವನ್ನು ತುಟಿಗೆ ತರುವುದಕ್ಕೂ, ಭೀಮಪಲಾಸ ಕೆಳಗಿನ ಷಡ್ಜದಿಂದ ಮೆಲ್ಲಗೆ ಏಳುವುದಕ್ಕೂ ಸರಿಹೋಯಿತು.

ನಾನು ಎಷ್ಟು ಹೊತ್ತಿಗೆ ವಾದ್ಯ ಇಳಿಸುತ್ತೇನೆ, ಎಷ್ಟು ಹೊತ್ತಿಗೆ ಎತ್ತುತ್ತೇನೆ ಎಂದು ವಿಡಿಯೋಗಳಲ್ಲಿ ಎಣಿಸಿಟ್ಟುಕೊಂಡು, ಹಿಂದಿನ ದಿನ ಗಡಿಯಾರ ಇಟ್ಟುಕೊಂಡು ಲೆಕ್ಕ ಹಾಕಿ ನುಡಿಸಿದ್ದಳು. ಅರ್ಧ ನನಗಾಗಿ, ಉಳಿದರ್ಧ ತನಗಾಗಿ. ನಾನು ಗೋಡೆಗೆ ಒರಗಿ ನೋಡಿದೆ. ಕಣ್ಣು ಮುಚ್ಚಿತ್ತು, ಹಣೆ ಗಂಟಿಕ್ಕಿತ್ತು, ಕೊರಳ ನರ ಉಬ್ಬಿತ್ತು. ಬೆರಳು ಎಲ್ಲಿ ಏಳಬೇಕೋ ಅಲ್ಲಿ ಏಳುತ್ತಿತ್ತು, ಸ್ವರ ಎಲ್ಲಿ ನಡುಗಬೇಕೋ ಅಲ್ಲಿ ಅವಳ ಗದ್ದ ನಡುಗುತ್ತಿತ್ತು. ನಾಲ್ಕು ತಿಂಗಳು ನಾನು ಮಾಡಿದ್ದು ಏನೆಂದು ಆಗ ಕಂಡಿತು. ಪರದೆಯ ಮೇಲೆ ನಗುವ ಮುಖಗಳು ನಿಂತುಹೋಗಿದ್ದವು. ಯಾರೂ ಏನೂ ಬರೆಯುತ್ತಿರಲಿಲ್ಲ. ಮುಗಿದ ಮೇಲೆ ಒಮ್ಮೆಗೇ ಬಂದವು, ಓದಲಾಗದಷ್ಟು. ‘ಯಾರೀ ತಾಯಿ’ ಎಂದೇ ಹೆಚ್ಚು. ಒಬ್ಬ ತಿಳಿದವನು ಆ ಕ್ಲಾರಿನೆಟ್ಟಿನ ನಾದಶುದ್ಧಿಯ ಬಗ್ಗೆ ಆರು ಸಾಲು ಬರೆದಿದ್ದ. ಸೀಳುಬಿಟ್ಟು ಇಪ್ಪತ್ತು ವರ್ಷವಾಗಿತ್ತು ಅದಕ್ಕೆ.

ಲೈವ್ ಆರಿಸಿದೆ. ಮೂವರೇ ಉಳಿದೆವು.

“ನಿನ್ನ ಮುಖ ಮೊಬೈಲಿಗೆ ಹಿಡಸ್ಲಿಲ್ಲ ಅಂತ ನಾ…” ಎಂದು ಶುರುಮಾಡಿದೆ.

“ಮುಖದ್ದು ಬಿಡು,” ಎಂದಳು ನೀಲವ್ವ. ಕೋಟಿನ ಗುಂಡಿ ಬಿಚ್ಚುತ್ತಿದ್ದಳು. “ಹೆಸರ ಹಾಕ್ಲಿಲ್ಲ, ಅದೂ ಬಿಡು. ಉಸಿರಿನ ಸದ್ದು ಬರತೈತಿ ಅಂತ ಹೇಳಿ ಕೇಳೂ ದಿನಾ ನನ್ನ ಹೊರಗ ಇಟ್ಟಿಯಲ್ಲ. ನಾಕ ತಿಂಗಳೋ, ಗುರುಪಾದ. ನಾಕ ತಿಂಗಳ ನಾ ಏನ ನುಡಸೀನಿ ಅನ್ನೂದು ನನಗ ಗೊತ್ತಿಲ್ಲ. ಬರೇ ಒಂದೊಂದ ನಿಮಿಷದ ತುಂಡು. ಯಾವದು ತಪ್ಪಿತ್ತೋ, ಯಾವದು ಚಲೋ ಇತ್ತೋ.”

ನನಗೂ ಅನುಮಾನ ಬರುವ ವಾರದ ಆ ನಾಲ್ಕು ದಿನಗಳು ಈ ಮಾತಿನಿಂದಲೇ ಹುಟ್ಟಿದವು.

“ಪಾಸ್‌ವರ್ಡ್ ಕೊಡು,” ಎಂದಳು ಆಮೇಲೆ. ಆ ಮಾತನ್ನೂ ಟೀಚರ್ ಹೇಳಿಕೊಟ್ಟಿದ್ದರು. ಅಲ್ಲಿಯೇ ನಿಂತು ಪಾಸ್‌ವರ್ಡ್ ಬದಲಾಯಿತು, ಪುಟದ ಹೆಸರು ಬದಲಾಯಿತು, ಫೋಟೋ ಬದಲಾಯಿತು. ನನ್ನ ಅರವತ್ತೆರಡು ವಿಡಿಯೋಗಳನ್ನು ಅಳಿಸುತ್ತಾಳೆಂದು ಕಾದೆ. ಅಳಿಸಲಿಲ್ಲ. ಎಲ್ಲದರ ಕೆಳಗೂ ‘ನುಡಿಸಿದ್ದು ನೀಲವ್ವ, ನಿಂತದ್ದು ಗುರುಪಾದ’ ಎಂದು ಬರೆಸಿದಳು. ಅಳಿಸಿದ್ದರೇ ಚೆನ್ನಾಗಿತ್ತು.

ಮರುದಿನ ನಾನು ರೊಟ್ಟಿ ಕೇಂದ್ರದಲ್ಲಿದ್ದಾಗ ಸುಹಾಸಿನಿ ಮೇಡಂ ಫೋನ್ ಮಾಡಿದರು; ಸ್ಪೀಕರಿಗೆ ಹಾಕಿದೆ. “ಮೊದಲಿನ ಹಾಸ್ಯ ತುಂಬಾ ಚೆನ್ನಾಗಿತ್ತು, ನಮ್ಮ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು,” ಎಂದರು. “ಆದರೆ ಉತ್ಸವಕ್ಕೆ ನಮಗೆ ಅಮ್ಮ ಸಾಕು. ನೀವು ಅವರ ಮ್ಯಾನೇಜರಾ?” ನಾನು ನೀಲವ್ವನ ಮುಖ ನೋಡಿದೆ. ಅವಳು ಸ್ವಲ್ಪ ಹೊತ್ತು ನನ್ನನ್ನು ಕಾಯಿಸಿ, ಹೂಂ ಎಂದು ತಲೆಯಾಡಿಸಿದಳು. “ಸಾಮಾನು ಹೊರಾಕ ಒಬ್ಬರು ಬೇಕಲ್ಲ,” ಎಂದಳು.

ಒಂದೇ ಒಂದು ತೊಡಕಿತ್ತು. ನಮ್ಮೂರ ಸೀಮೆ ದಾಟಿದರೆ ವಾದ್ಯ ಆಗಿಂದಾಗಲೇ ಕೇಳುತ್ತದೆ. ಆ ಕಾರಣಕ್ಕೇ ನಮ್ಮೂರಿನ ಯಾವ ವಾದ್ಯದವನೂ ಹೊರಗೆ ಹೋಗಿ ನುಡಿಸಿದ್ದಿಲ್ಲ. ನಿಜವಾಗಿ ನುಡಿಸುತ್ತಿರುವಾಗಲೇ ಕಿವಿಗೆ ಸದ್ದು ಬಿದ್ದರೆ ಕೈ ಬೆದರುತ್ತದೆ ಎನ್ನುತ್ತಾರೆ. ಬಸ್ಸಿನಲ್ಲಿ ನೀಲವ್ವ ಕಿಟಕಿಯ ಪಕ್ಕ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಚಹಾಕ್ಕೆ ನಿಲ್ಲಿಸಿದಾಗ, “ಇಲ್ಲೆ ಎಲ್ಲ್ಯಾರ ಗಿಡದ ಮರಿಗೆ ಹೋಗಿ ಒಮ್ಮಿ ಊದಿ ನೋಡಕ್ಕಾ,” ಎಂದೆ.

“ಬ್ಯಾಡ. ಊದಿ, ಅಂಜಿ, ಇಲ್ಲಿಂದನ ತಿರುಗಿ ಹೋಗ್ಬಿಟ್ಟರ? ಮೊದಲನೇದು ಮಂದಿ ಮುಂದನ ಆಗ್ಲಿ. ಓಡಿ ಹೋಗಾಕ ನಾಚಿಕಿ ಬರತೈತಿ.”

ಸಂಜೆ ಆರಕ್ಕೆ ಅವಳು ವೇದಿಕೆಗೆ ಹೋದಳು. ನಾನು ಪರದೆಯ ಮಗ್ಗುಲಲ್ಲಿ ನಿಂತಿದ್ದೆ. ಸಭಾಂಗಣ ತುಂಬಿತ್ತು. ಅವಳು ಕುಳಿತಳು, ಕಣ್ಣು ಮುಚ್ಚಿದಳು, ಊದಿದಳು. ಸ್ವರ ಎದ್ದಿತು. ಅವಳು ಥಟ್ಟನೆ ವಾದ್ಯ ಇಳಿಸಿ, ಯಾರು ನುಡಿಸಿದರು ಎನ್ನುವಂತೆ ಹಿಂತಿರುಗಿ ನೋಡಿದಳು.

ಜನ ನಕ್ಕರು. ಅದೂ ಒಂದು ಆಟವೆಂದುಕೊಂಡರು. ನಾನು ಮಾತ್ರ, ಇವಳು ಎದ್ದು ಬಂದುಬಿಡುತ್ತಾಳೆ ಎಂದುಕೊಂಡೆ. ಅವಳು ಕ್ಲಾರಿನೆಟ್ಟನ್ನು ಒಮ್ಮೆ ಮೇಲೆ ಕೆಳಗೆ ನೋಡಿದಳು, ಮತ್ತೆ ಬಾಯಿಗಿಟ್ಟು ಅದೇ ಒಂದು ಸ್ವರವನ್ನು ಊದಿದಳು, ನಿಲ್ಲಿಸಿದಳು, ಊದಿದಳು. ಹೌದು, ತನ್ನದೇ. ಅಲ್ಲಿಂದ ನಿಧಾನವಾಗಿ ಒಂದೊಂದೇ ಹೆಜ್ಜೆಯಿಟ್ಟು ಹತ್ತಿದಳು. ಕಾಲು ಗಂಟೆಯಾದ ಮೇಲೆ ಒಂದು ಕಡೆ ಬೆರಳು ಜಾರಿ ಅಪಸ್ವರ ಬಂತು. ಊರಲ್ಲಾಗಿದ್ದರೆ ಆ ತಪ್ಪು ಒಂದು ದಿನ ಕಾದು, ಎಲ್ಲರ ಮುಂದೆ ಕೇಳಿ, ಅದರ ಮರುದಿನವಷ್ಟೇ ತಿದ್ದಲಿಕ್ಕೆ ಸಿಗುತ್ತಿತ್ತು. ಇಲ್ಲಿ ಅವಳು ಕೇಳಿದಳು, ಕೇಳಿದ ಮರುಗಳಿಗೆಗೇ ಆ ಅಪಸ್ವರವನ್ನು ಮೆಟ್ಟಿಲು ಮಾಡಿಕೊಂಡು ಮೇಲಿನ ಸ್ವರಕ್ಕೆ ಜಿಗಿದಳು. ಜನ ಚಪ್ಪಾಳೆ ತಟ್ಟಿದರು. ನೀಲವ್ವ ಕಣ್ಣು ತೆರೆದಳು. ಆಮೇಲೆ ಇಡೀ ಒಂದು ತಾಸು ಮುಚ್ಚಲೇ ಇಲ್ಲ. ಬೇಕೆಂದೇ ಒಂದೆರಡು ಕಡೆ ಜಾರಿದಳೆಂದು ನನ್ನ ಅನುಮಾನ, ತಿದ್ದುವ ಖುಷಿಗೆ.

ಮರುದಿನ ಸಂಜೆ ಆರೂವರೆಗೆ ನಮ್ಮ ಬಸ್ಸು. ಐ‌ದೂವರೆಗೆ ಲಾಡ್ಜಿನಲ್ಲಿ ನಾನು ಚೀಲ ಕಟ್ಟುತ್ತಿದ್ದರೆ ನೀಲವ್ವ ಕೆಂಪು ಕೋಟು ಹಾಕಿಕೊಂಡು, ಪೆಟ್ಟಿಗೆ ಹಿಡಿದು ನಿಂತಿದ್ದಳು. “ನಡಿ,” ಎಂದಳು.

“ಎಲ್ಲಿಗಕ್ಕಾ?”

“ಎಲ್ಲಿಗೆ ಅಂದ್ರ? ಆರಕ್ಕ ನಿಲ್ಲಬೇಕಲ್ಲ.”

ಇಲ್ಲಿ ಹಾಗಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿರಬೇಕು. ಆದರೂ ಹೋದೆವು. ಸಭಾಂಗಣದ ಬಾಗಿಲು ತೆರೆದಿತ್ತು. ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರು. ಒಬ್ಬ ನರೆಗೂದಲಿನ ಮನುಷ್ಯ ಕಡ್ಡಿಪೊರಕೆಯಲ್ಲಿ ಕಸ ಗುಡಿಸುತ್ತಿದ್ದ. ನೀಲವ್ವ ವೇದಿಕೆ ಹತ್ತಿ, ನಿನ್ನೆ ಕುಳಿತಿದ್ದ ಜಾಗದಲ್ಲೇ ವಾದ್ಯ ಹಿಡಿದು ನಿಂತಳು. ನಾನು ಗಡಿಯಾರ ನೋಡಿದೆ. ಆರಾಯಿತು. ಆರು ಐದಾಯಿತು. ಪೊರಕೆಯ ಸದ್ದು ಬಿಟ್ಟರೆ ಏನೂ ಇಲ್ಲ.

“ಏನು ಕಾಯ್ತಿದ್ದೀರಮ್ಮ?” ಎಂದು ಕೇಳಿದ ಅವನು.

“ನಿನ್ನೆ ನುಡಿಸಿದ್ದು,” ಎಂದಳು ನೀಲವ್ವ.

“ಅದು ನಿನ್ನೇನೇ ಮುಗೀತಲ್ಲಮ್ಮ.”

“ನೀ ಕೇಳಿದೇನು?”

“ಎಲ್ಲಿ ಕೇಳೋದು? ನಾನು ಬರೋದು ಎಲ್ಲ ಮುಗಿದ ಮೇಲೇನೇ. ಹದಿನಾರು ವರ್ಷದಿಂದ ಇಲ್ಲೇ ಇದ್ದೀನಿ, ಒಂದು ಕಚೇರಿನೂ ಕೇಳಿಲ್ಲ.”

ನೀಲವ್ವ ವೇದಿಕೆಯ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕುಳಿತು, ಕೋಟಿನ ತೋಳಿನಿಂದ ಕ್ಲಾರಿನೆಟ್ಟಿನ ಬಾಯಿ ಒರೆಸಿದಳು.

“ಹಂಗಾರ ಕುಂದ್ರಪಾ,” ಎಂದಳು. “ಇವತ್ತಿಂದು ಇವತ್ತ ಕೇಳು.”

ಅವನು ಪೇರಿಸಿದ್ದರಿಂದ ಒಂದು ಕುರ್ಚಿ ಇಳಿಸಿಕೊಂಡ. ಒಂದು ಕ್ಷಣ ಯೋಚಿಸಿ ನನಗೂ ಒಂದು ಇಳಿಸಿಕೊಟ್ಟ. ಪೊರಕೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕುಳಿತ. ಏಳೂಕಾಲಕ್ಕೆ ಅವಳು ನಿಲ್ಲಿಸಿದಾಗ, ಬಸ್ಸು ಹೋಗಿ ಮುಕ್ಕಾಲು ತಾಸಾಗಿತ್ತು.